ಮೂರು ಕೊಂಬಿನ ಡೈನೋಸಾರಿನ ಹಲ್ಲು ಹಿಡಿದು ನೋಡುವ ಬಗೆ

ವಿಜ್ಞಾನ ವಸ್ತುಪ್ರದರ್ಶನ ಎಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಒಂದಾದರೂ ಡೈನೋಸಾರ್ ಇದ್ದೇ ಇರುತ್ತದೆ. ಅದರಲ್ಲೂ ಮೂರು ಕೊಂಬಿನ ಟ್ರೈಸೆರಾಟಾಪ್ಸ್. ಥರ್ಮಾಕೋಲಿನ ಮೈ, ಬೂದು ಬಣ್ಣ, ಹಸಿರು ಬಳಿದ ಮರದ ಪುಡಿಯ ಹುಲ್ಲುಗಾವಲು, ಮುಂದೊಂದು ಚೀಟಿ: ‘ಇದು ಸಸ್ಯಾಹಾರಿ. ಹುಲ್ಲು ತಿನ್ನುತ್ತಿತ್ತು.’ ಹೇಗೆ ಗೊತ್ತು ಎಂದು ಕೇಳಿದರೆ ಮಗು ಕೊಂಬು ತೋರಿಸುತ್ತದೆ. ಎತ್ತಿಗೆ ಕೊಂಬಿದೆ, ಎತ್ತು ಹುಲ್ಲು ತಿನ್ನುತ್ತದೆ, ಇದಕ್ಕೂ ಕೊಂಬಿದೆ. ಅಲ್ಲಿಗೆ ಲೆಕ್ಕ ಮುಗಿಯಿತು.

ನಾನು ಸುರಪುರ, ಹುಣಸಗಿ ಭಾಗದಲ್ಲಿ ಪಶು ಪರಿವೀಕ್ಷಕನಾಗಿ ದುಡಿದು ನಿವೃತ್ತನಾದವನು. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಎಷ್ಟೋ ನೋಡಿದ್ದೇನೆ. ಕೊಂಬಿನ ಚಂದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವವರಿದ್ದಾರೆ, ಕಾರ ಹುಣ್ಣಿಮೆಗೆ ಅದಕ್ಕೆ ಬಣ್ಣ ಬಳಿಯುವುದೂ ಸರಿ. ಆದರೆ ಬಾಯಿ ಬಿಡಿಸದೆ ಯಾವ ರೈತನೂ ಎತ್ತು ಕೊಳ್ಳುವುದಿಲ್ಲ. ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದೆಯೋ, ಹಲ್ಲು ಸವೆದು ಮುದಿಯಾಗಿದೆಯೋ, ಎಲ್ಲವೂ ಅಲ್ಲಿಯೇ ಇರುತ್ತದೆ. ಆರೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಸತ್ತ ಪ್ರಾಣಿಗೂ ಇದೇ ಪರೀಕ್ಷೆ ನಡೆಯುತ್ತದೆ. ಅದನ್ನು ಮನೆಯಲ್ಲಿ, ಶಾಲೆಯಲ್ಲಿ ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಂತೆ ನಡೆದರೆ ಒಂದು ಮಾದರಿ ಸಿದ್ಧವಾಗುತ್ತದೆ, ಅದರ ಜೊತೆಗೆ ‘ಹೇಗೆ ಗೊತ್ತು’ ಎಂಬ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಮೊದಲು ಗೊತ್ತಿರುವ ಬಾಯಿ ನೋಡಿ

ಡೈನೋಸಾರಿನ ಚಿತ್ರ ತೆರೆಯುವ ಮೊದಲು ಆಡಿನ ದವಡೆಯೊಂದನ್ನು ಸಂಪಾದಿಸಿ. ಮಟನ್ ಅಂಗಡಿಯವರಿಗೆ ಹಿಂದಿನ ದಿನ ಹೇಳಿಟ್ಟರೆ ತಲೆ ಒಡೆಯದೆ ದವಡೆಯನ್ನು ಇಡಿಯಾಗಿ ಕೊಡುತ್ತಾರೆ. ಹಳೆಯ ಡಬ್ಬಿಯೊಂದರಲ್ಲಿ ನೀರು, ಒಂದು ಚಮಚ ಸೋಡಾ ಪುಡಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊತಕೊತ ಕುದಿಸಿದರೆ ಮೂಳೆ ಬಿರಿಯುತ್ತದೆ. ಮಾಂಸ ಸಡಿಲವಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಔಷಧ ಅಂಗಡಿಯಲ್ಲಿ ಸಿಗುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ರಾತ್ರಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಬೇಡ, ಅದು ಮೂಳೆಯನ್ನು ಪುಡಿಪುಡಿ ಮಾಡುತ್ತದೆ. ಬೇಯುವಾಗ ಕೆಲವು ಹಲ್ಲು ಕಳಚಿಕೊಂಡರೆ ಫೆವಿಕಾಲ್ ಹಾಕಿ ಅದೇ ಕುಣಿಗೆ ಕೂರಿಸಿ. ಅಡುಗೆ ಪಾತ್ರೆ ಮುಟ್ಟಬೇಡಿ ಎಂದು ನಾನು ಹೇಳಬೇಕಾಗಿಲ್ಲ, ಮನೆಯವರು ಹೇಳುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ, ಇವು ನನ್ನ ವೃತ್ತಿಯಿಂದ ಬಂದವು. ಹೊಲದಲ್ಲಿ ಬಿದ್ದಿರುವ ದನದ ತಲೆಬುರುಡೆ ಚಂದ ಕಂಡಿತೆಂದು ಎತ್ತಿಕೊಂಡು ಬರಬೇಡಿ. ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿಯಿಂದ ರಕ್ತ ಸುರಿದಿದ್ದ ದನವಾಗಿದ್ದರೆ ಅದು ಆಂಥ್ರಾಕ್ಸ್ ಆಗಿರಬಹುದು, ಅದರ ಬೀಜಾಣುಗಳು ಮಣ್ಣಿನಲ್ಲಿ ಹಲವು ದಶಕ ಉಳಿಯುತ್ತವೆ. ಎರಡನೆಯದು, ಜೊಲ್ಲು ಸುರಿಸುತ್ತಾ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒದ್ದಾಡುವ ದನದ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಡಿದ ದನ ಹೀಗೆಯೇ ಕಾಣಿಸುತ್ತದೆ. ಆರೋಗ್ಯವಾಗಿರುವ, ಮನೆಯ ಜನರಿಗೆ ಒಗ್ಗಿದ ಆಕಳ ಬಾಯಿಯನ್ನಾದರೂ ದೊಡ್ಡವರೇ ಬಿಡಿಸಲಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ.

ಒಣಗಿದ ದವಡೆ ಕೈಗೆ ಬಂದ ಮೇಲೆ ಮೂರು ಜಾಗ ನೋಡಬೇಕು. ಮುಂಭಾಗದಲ್ಲಿ ಕೆಳಗೆ ಎಂಟು ಬಾಚಿ ಹಲ್ಲುಗಳಿವೆ, ಮೇಲೆ ಒಂದೂ ಇಲ್ಲ, ಬರೀ ಗಟ್ಟಿ ವಸಡು. ಅದಾದ ಮೇಲೆ ಹಲ್ಲಿಲ್ಲದ ಖಾಲಿ ಜಾಗ. ಹಿಂದೆ ದವಡೆ ಹಲ್ಲುಗಳ ಸಾಲು. ಈಗ ಉಗುರನ್ನು ದವಡೆ ಹಲ್ಲಿನ ಮೇಲೆ ಅಡ್ಡಡ್ಡ ಎಳೆಯಿರಿ. ಗರಗರ ಎಂದು ತಡೆಯುತ್ತದೆ. ಬಿಳಿ ಗೆರೆಗಳು ಎದ್ದು ನಿಂತಿವೆ, ನಡುವಿನ ಕಂದು ಭಾಗ ತಗ್ಗಾಗಿದೆ. ಗೆರೆ ಎನಾಮಲ್, ತಗ್ಗು ಡೆಂಟಿನ್. ಎನಾಮಲ್ ಗಟ್ಟಿ, ಡೆಂಟಿನ್ ಮೆದು. ತಿನ್ನುತ್ತಾ ತಿನ್ನುತ್ತಾ ಮೆದುವಾದದ್ದು ಬೇಗ ಸವೆಯುತ್ತದೆ, ಗಟ್ಟಿಯಾದದ್ದು ಏಣಾಗಿ ಉಳಿಯುತ್ತದೆ. ಆದ್ದರಿಂದ ಸವೆದಷ್ಟೂ ಹಲ್ಲು ಒರಟಾಗಿಯೇ ಇರುತ್ತದೆ. ಈ ಒಂದು ಮಾತನ್ನು ಮಗುವಿನ ಬೆರಳ ತುದಿಗೆ ಮುಟ್ಟಿಸಿದಿರೆಂದರೆ ಮುಂದಿನ ಕೆಲಸ ಅರ್ಧ ಆದಂತೆ.

ನಂತರ ಮೆಲುಕು ಹಾಕುವ ಎಮ್ಮೆಯ ಎದುರು ನಿಂತು ಅದರ ಕೆಳದವಡೆಯನ್ನು ನೋಡಿ. ಅದು ಮೇಲೆ ಕೆಳಗೆ ಮಾತ್ರ ಹೋಗುವುದಿಲ್ಲ, ಪಕ್ಕಕ್ಕೆ ಸುತ್ತುತ್ತದೆ. ಮೇಲ್ದವಡೆಗಿಂತ ಕೆಳದವಡೆ ಕಿರಿದು. ಒಂದು ಸಲಕ್ಕೆ ಒಂದೇ ಪಕ್ಕದಲ್ಲಿ ಅರೆಯುತ್ತದೆ. ನೋಡಿದ್ದನ್ನು ಮಗು ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕಿ ಬರೆಯಲಿ. ಮುಂದೆ ಬೇಕಾಗುತ್ತದೆ.

ಕೊಂಬಿನ ಲೆಕ್ಕವನ್ನು ಇಲ್ಲಿಗೇ ಮುಗಿಸಿ

ಕೊಂಬು ನೋಡಿ ಮೋಸ ಹೋಗುವುದು ಮಕ್ಕಳ ಪಾಡು ಮಾತ್ರವಲ್ಲ. 1887ರಲ್ಲಿ ಅಮೆರಿಕದ ಕೊಲರಾಡೋದ ಡೆನ್ವರ್ ಬಳಿ ಒಂದು ಜೋಡಿ ದೊಡ್ಡ ಕೊಂಬಿನ ಮೂಳೆಗಳು ಸಿಕ್ಕಿದಾಗ, ಆ ಕಾಲದ ದೊಡ್ಡ ವಿದ್ವಾಂಸ ಓಥ್ನೀಲ್ ಚಾರ್ಲ್ಸ್ ಮಾರ್ಷ್ ಅದನ್ನು ಕಾಡುಕೋಣದ ಬಳಗದ ಬೈಸನ್ ಎಂದೇ ತಿಳಿದು ‘ಬೈಸನ್ ಆಲ್ಟಿಕಾರ್ನಿಸ್’ ಎಂದು ಹೆಸರಿಟ್ಟ. ಆಮೇಲೆ ವಯೋಮಿಂಗ್‌ನಲ್ಲಿ ದನ ಕಾಯುವವನೊಬ್ಬನ ಕಣ್ಣಿಗೆ ಬಿದ್ದ ತಲೆಬುರುಡೆಯನ್ನು ಮಾರ್ಷ್‌ಗಾಗಿ ಪಳೆಯುಳಿಕೆ ಸಂಗ್ರಹಿಸುತ್ತಿದ್ದ ಜಾನ್ ಬೆಲ್ ಹ್ಯಾಚರ್ ತೆಗೆಸಿ ಕಳುಹಿಸಿದ ಮೇಲೆ ನಿಜ ಬಯಲಾಯಿತು. 1889ರಲ್ಲಿ ಅದೇ ಮಾರ್ಷ್ ಟ್ರೈಸೆರಾಟಾಪ್ಸ್ ಎಂದು ಹೆಸರಿಟ್ಟ. ಆ ತಲೆಬುರುಡೆಯನ್ನು ಮೊದಲು ಕಂಡವನು ದನಗಾಹಿ ಎಂಬುದನ್ನು ಹೇಳುವಾಗ ನನಗೆ ತುಸು ಹೆಮ್ಮೆ, ಒಪ್ಪಿಕೊಳ್ಳುತ್ತೇನೆ.

ಕೊಂಬಿನ ರಚನೆ ಎತ್ತಿನದಕ್ಕೆ ಹೊಂದುತ್ತದೆ ಎನ್ನುವುದು ನಿಜ. ಒಳಗೆ ಮೂಳೆಯ ತಿರುಳು, ಹೊರಗೆ ಉಗುರಿನ ವಸ್ತುವೇ ಆದ ಕೆರಟಿನ್ ಕವಚ. ಗುದ್ದಾಟದಲ್ಲಿ ಕವಚ ಕಳಚಿ ಒಳಗಿನ ತಿರುಳು ರಕ್ತ ಸೋರುವ ಎತ್ತುಗಳಿಗೆ ಪಟ್ಟಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರೈಸೆರಾಟಾಪ್ಸ್‌ನ ಕುತ್ತಿಗೆಯ ಮೇಲಿನ ಅಗಲವಾದ ಮೂಳೆಯ ಗುರಾಣಿಯಲ್ಲಿ ಗಾಯಗಳ ಗುರುತುಗಳಿವೆ. ಅವು ತಮ್ಮತಮ್ಮಲ್ಲೇ ಕೊಂಬು ಕೊಟ್ಟು ಕಾದಾಡಿದ್ದಕ್ಕೆ ಹೊಂದುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಮರಿಗಳ ಹುಬ್ಬಿನ ಕೊಂಬು ಹಿಂದಕ್ಕೆ ಬಾಗಿದ್ದು, ಬೆಳೆದಂತೆ ಮುಂದಕ್ಕೆ ತಿರುಗುತ್ತಿತ್ತು. ಕಾದಾಟ, ವಯಸ್ಸು, ತೋರಿಕೆ, ಇಷ್ಟು ಕೊಂಬಿನಿಂದ ತಿಳಿಯಬಹುದು. ಊಟ ತಿಳಿಯುವುದಿಲ್ಲ.

ನಂಬದವರಿಗೆ ನಮ್ಮ ದೇಶದ ಉದಾಹರಣೆಯೇ ಇದೆ. ಗುಜರಾತಿನ ಅಂದಿನ ಖೇಡಾ ಜಿಲ್ಲೆಯಲ್ಲಿ ಸಿಕ್ಕಿ, 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಎಂಬ ಡೈನೋಸಾರಿನ ತಲೆಯ ಮೇಲೆಯೂ ಒಂದು ಮೋಟು ಕೊಂಬಿದೆ. ಅದು ಅಪ್ಪಟ ಮಾಂಸಾಹಾರಿ. ‘ಕೊಂಬಿರುವುದೆಲ್ಲ ಹುಲ್ಲು ತಿನ್ನುತ್ತದೆ’ ಎನ್ನುವವರ ಮುಂದೆ ಇದರ ಚಿತ್ರ ಇಡಿ.

ಕೊಕ್ಕು

ಈಗ ಟ್ರೈಸೆರಾಟಾಪ್ಸ್ ತಲೆಬುರುಡೆಯ ಪಕ್ಕನೋಟದ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿಕೊಳ್ಳಿ. ಮೂಳೆಯ ಚಿತ್ರವೇ ಬೇಕು, ಬಣ್ಣ ಹಚ್ಚಿದ ಕಾರ್ಟೂನು ಬೇಡ. ಆಡಿನ ದವಡೆಯನ್ನು ಪಕ್ಕದಲ್ಲಿಟ್ಟು ಅದೇ ಮೂರು ಜಾಗ ನೋಡಿ.

ಮುಂಭಾಗದಲ್ಲಿ ಹಲ್ಲೇ ಇಲ್ಲ, ಮೇಲೂ ಇಲ್ಲ, ಕೆಳಗೂ ಇಲ್ಲ. ಬದಲಿಗೆ ಗಿಳಿಯ ಮೂತಿಯ ಚೂಪು ಕೊಕ್ಕು. ಮೇಲಿನ ಕೊಕ್ಕಿನ ತುದಿಯಲ್ಲಿ ರಾಸ್ಟ್ರಲ್ ಎಂಬ ಪ್ರತ್ಯೇಕ ಮೂಳೆಯಿದೆ. ಅದು ಕೊಂಬಿನ ಡೈನೋಸಾರುಗಳ ವಂಶದಲ್ಲಿ ಮಾತ್ರ ಇರುವುದು. ಕೊಂಬು ಇಲ್ಲದ ಹಳೆಯ ಸಂಬಂಧಿಕರಲ್ಲೂ ಈ ಮೂಳೆ ಇದೆ, ಆದ್ದರಿಂದ ವಂಶ ಗುರುತಿಸುವವರು ಕೊಂಬಿಗಿಂತ ಇದನ್ನೇ ಹೆಚ್ಚು ನಂಬುತ್ತಾರೆ. ಇನ್ನೊಂದು ಸಂಗತಿ: ಕೊಕ್ಕು ಕಿರಿದಾಗಿದೆ. ಆಕಳ ಮೂತಿ ಅಗಲ, ನಾಲಿಗೆ ಸುತ್ತಿ ಒಂದು ಹಿಡಿ ಮೇವನ್ನು ಒಟ್ಟಿಗೆ ಎಳೆಯುತ್ತದೆ. ಆಡಿನ ಮೂತಿ ಕಿರಿದು, ಮುಳ್ಳಿನ ನಡುವೆ ಬೇಕಾದ ಚಿಗುರನ್ನೇ ಆರಿಸುತ್ತದೆ. ಜಾಲಿ ಗಿಡದ ಕೆಳಗೆ ಆಡು ಮೇಯುವುದನ್ನು ನೋಡಿದವರಿಗೆ ಗೊತ್ತು. ಕಿರಿದಾದ ಕೊಕ್ಕು ಇರುವ ಪ್ರಾಣಿ ಸಿಕ್ಕಿದ್ದನ್ನೆಲ್ಲ ಬಾಚಿ ತುಂಬಿಕೊಳ್ಳುವುದಕ್ಕಿಂತ ಆರಿಸಿ ಕತ್ತರಿಸುವ ಜಾತಿಯದು ಎಂದು ಹೇಳಲು ಇದು ಒಳ್ಳೆಯ ಆಧಾರ.

ಹಲ್ಲು: ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ

ಆಕಳಿಗೆ ಒಟ್ಟು 32 ಹಲ್ಲು. ಹಾಲು ಹಲ್ಲು ಬಿದ್ದು ಶಾಶ್ವತ ಹಲ್ಲು ಬಂದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಹಲ್ಲು ಸವೆದ ಮುದಿ ಎತ್ತು ಜೋಳದ ಕಣಿಕೆ ತಿನ್ನಲಾರದೆ ಬಡವಾಗುತ್ತದೆ. ಟ್ರೈಸೆರಾಟಾಪ್ಸ್‌ಗೆ ಆ ಚಿಂತೆ ಇರಲಿಲ್ಲ. ಅದರ ಪ್ರತಿ ದವಡೆಯ ಪ್ರತಿ ಪಕ್ಕದಲ್ಲೂ 36ರಿಂದ 40 ಹಲ್ಲಿನ ಕಂಬಗಳು, ಪ್ರತಿ ಕಂಬದಲ್ಲಿ ಒಂದರ ಮೇಲೊಂದು ಜೋಡಿಸಿಟ್ಟ 3ರಿಂದ 5 ಹಲ್ಲುಗಳು. ಲೆಕ್ಕ ಹಾಕಿಸಿ: 36ನ್ನು 4ರಿಂದ, ಮತ್ತೆ 3ರಿಂದ ಗುಣಿಸಿದರೆ 432. 40ನ್ನು 4ರಿಂದ, ಮತ್ತೆ 5ರಿಂದ ಗುಣಿಸಿದರೆ 800. ಇವೆಲ್ಲ ಒಟ್ಟಿಗೆ ಕೆಲಸ ಮಾಡುತ್ತಿರಲಿಲ್ಲ. ಮೇಲ್ಗಡೆಯದು ಸವೆಯುತ್ತಾ ಹೋದಂತೆ ಕೆಳಗಿನದು ಜಾಗಕ್ಕೆ ಬರುತ್ತಿತ್ತು. ಸಾಯುವವರೆಗೂ ಹೊಸ ಹಲ್ಲು! ಸಂತೆಯಲ್ಲಿ ಈ ಪ್ರಾಣಿಯ ವಯಸ್ಸನ್ನು ಯಾವ ದಲ್ಲಾಳಿಯೂ ಹಲ್ಲು ನೋಡಿ ಹೇಳಲಾಗುತ್ತಿರಲಿಲ್ಲ.

ಹಲ್ಲು ಎಷ್ಟಿವೆ ಎನ್ನುವುದಕ್ಕಿಂತ ಅವು ಹೇಗೆ ಕೂಡುತ್ತವೆ ಎನ್ನುವುದು ಮುಖ್ಯ. ಆಡಿನ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಹೆಚ್ಚುಕಡಿಮೆ ಅಡ್ಡಲಾಗಿ ಕೂರುತ್ತದೆ, ಅರೆಯಲು ಅದು ಸರಿ. ಟ್ರೈಸೆರಾಟಾಪ್ಸ್‌ನ ಸವೆದ ಮುಖ ಬಹುತೇಕ ನೆಟ್ಟಗೆ ನಿಂತಿದೆ. ಕೆಳಗಿನ ಸಾಲು ಮೇಲಿನ ಸಾಲಿನ ಒಳಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ಅಂದರೆ ಅರೆಯುವ ಬಾಯಲ್ಲ, ಕತ್ತರಿಸುವ ಬಾಯಿ.

ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಈಚಲು ಮರದ ಗರಿಯೊಂದನ್ನು ತನ್ನಿ. ಯಾದಗಿರಿ ಜಿಲ್ಲೆಯ ಯಾವ ಹಳ್ಳದ ದಂಡೆಯಲ್ಲಾದರೂ ಸಿಗುತ್ತದೆ. ಅದರ ಒಂದು ತುಂಡನ್ನು ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಲು ಹೇಳಿ. ಇನ್ನೊಂದು ತುಂಡನ್ನು ದರ್ಜಿಯ ಕತ್ತರಿಯಿಂದ ಸಣ್ಣಗೆ ಕತ್ತರಿಸಲು ಹೇಳಿ. ಜಜ್ಜಿದ್ದು ನಾರುನಾರಾಗಿ ಹಾಗೆಯೇ ಉದ್ದಕ್ಕೆ ಉಳಿಯುತ್ತದೆ, ಕತ್ತರಿಸಿದ್ದು ತುಣುಕಾಗುತ್ತದೆ. ಇನ್ನು ಅದೇ ಗರಿಯ ದಪ್ಪ ದಂಟನ್ನು ಕತ್ತರಿಯ ತುದಿಯಲ್ಲಿಟ್ಟು ಒತ್ತಲಿ, ಆಮೇಲೆ ಕೀಲಿನ ಹತ್ತಿರ ಇಟ್ಟು ಒತ್ತಲಿ. ಕೀಲಿನ ಹತ್ತಿರ ಸಲೀಸಾಗಿ ತುಂಡಾಗುತ್ತದೆ. ಟ್ರೈಸೆರಾಟಾಪ್ಸ್‌ನ ಹಲ್ಲಿನ ಸಾಲು ದವಡೆಯ ಹಿಂಭಾಗದವರೆಗೆ, ಕೀಲಿನ ಕಡೆಗೆ ಚಾಚಿಕೊಂಡಿದೆ. ಕೆಳದವಡೆಯ ಹಿಂದೆ ಎತ್ತರಕ್ಕೆ ಎದ್ದ ಮೂಳೆಯೊಂದಿದೆ; ಬಲವಾದ ಸ್ನಾಯು ಅದನ್ನು ಹಿಡಿದು ಎಳೆಯುತ್ತಿತ್ತು. 1960ರ ದಶಕದಲ್ಲಿ ಪಳೆಯುಳಿಕೆ ವಿಜ್ಞಾನಿ ಜಾನ್ ಆಸ್ಟ್ರಮ್ ಈ ದವಡೆಗಳನ್ನು ಅಧ್ಯಯನ ಮಾಡಿ, ತಾಳೆ ಮತ್ತು ತಾಳೆಯಂತೆ ಕಾಣುವ, ಹೂಬಿಡದ ಸೈಕಾಡ್ ಜಾತಿಯ ನಾರುಳ್ಳ ಗಟ್ಟಿ ಗರಿಗಳನ್ನು ತಿನ್ನಲು ಇಂಥ ಬಾಯಿ ತಕ್ಕದ್ದು ಎಂದು ವಾದಿಸಿದರು. ನೀವು ಈಚಲು ಗರಿಯ ಮೇಲೆ ಮಾಡಿ ನೋಡಿದ್ದೂ ಆ ವಾದವನ್ನೇ.

ಇನ್ನು ಉಗುರು ಎಳೆದು ನೋಡಿದ್ದು ನೆನಪಿದೆಯಲ್ಲ? ಸರೀಸೃಪಗಳ ಹಲ್ಲಿನಲ್ಲಿ ಸಾಮಾನ್ಯವಾಗಿ ಎರಡೇ ಬಗೆಯ ಅಂಗಾಂಶ. ಕುದುರೆ, ಬೈಸನ್‌ಗಳ ಹಲ್ಲಿನಲ್ಲಿ ನಾಲ್ಕು. 2015ರಲ್ಲಿ ಗ್ರೆಗರಿ ಎರಿಕ್ಸನ್ ಅವರ ತಂಡ ಟ್ರೈಸೆರಾಟಾಪ್ಸ್ ಹಲ್ಲನ್ನು ಸೀಳಿ, ಗೀರಿ, ಗಟ್ಟಿತನ ಅಳೆದು ನೋಡಿದಾಗ ಐದು ಅಂಗಾಂಶಗಳು ಕಂಡವು. ಒಂದೊಂದೂ ಒಂದೊಂದು ವೇಗದಲ್ಲಿ ಸವೆಯುತ್ತದೆ. ಹೀಗಾಗಿ ಹಲ್ಲಿನ ಕತ್ತರಿಸುವ ಮುಖದ ನಡುವೆ ತಗ್ಗು ಬಿದ್ದು ಅಂಚು ಮಾತ್ರ ಎದ್ದು ನಿಲ್ಲುತ್ತಿತ್ತು. ಇಡೀ ಮುಖ ಉಜ್ಜಿಕೊಂಡರೆ ಘರ್ಷಣೆ ಹೆಚ್ಚು, ಅಂಚು ಮಾತ್ರ ತಗುಲಿದರೆ ಕಡಿಮೆ. ತಿಂದಂತೆಲ್ಲ ತಾನೇ ಸಾಣೆ ಹಿಡಿದುಕೊಳ್ಳುವ ಹಲ್ಲು. ನಮ್ಮ ದೇವಣಿ ಹೋರಿಯ ಬಾಯಿಗಿಂತ ಇದು ಜಟಿಲ ಎಂದು ಒಪ್ಪಲು ಪಶುವೈದ್ಯಕೀಯದವರಿಗೆ ಸ್ವಲ್ಪ ಕಷ್ಟವಾಗುತ್ತದೆ, ಆದರೆ ಒಪ್ಪಲೇಬೇಕು.

ಹಲ್ಲಿನ ಮೇಲಿನ ಸೂಕ್ಷ್ಮ ಗೀರುಗಳೂ ಮಾತನಾಡುತ್ತವೆ. ದವಡೆ ಯಾವ ದಿಕ್ಕಿಗೆ ಚಲಿಸಿತೋ ಗೀರೂ ಅದೇ ದಿಕ್ಕಿಗಿರುತ್ತದೆ. ಟ್ರೈಸೆರಾಟಾಪ್ಸ್‌ನ ಪುಟ್ಟ ಸಂಬಂಧಿ ಲೆಪ್ಟೋಸೆರಾಟಾಪ್ಸ್‌ನ ಹಲ್ಲಿನ ಗೀರುಗಳು ಬಾಗಿಕೊಂಡಿವೆ ಎಂದು 2016ರಲ್ಲಿ ಪ್ರಕಟವಾಯಿತು. ಅಂದರೆ ಅದು ಕಚಕಚ ಕತ್ತರಿಸುವುದಷ್ಟೇ ಅಲ್ಲ, ದವಡೆ ಸುತ್ತಿಸಿ ಜಗಿಯುತ್ತಲೂ ಇತ್ತು. ಎಮ್ಮೆಯ ಎದುರು ನಿಂತು ಹಾಕಿಕೊಂಡ ಬಾಣದ ಗುರುತನ್ನು ಇಲ್ಲಿ ತೆಗೆದು ಹೋಲಿಸಿ. ಒಂದೇ ವಂಶದಲ್ಲಿ ಎರಡು ಬಗೆಯ ಜಗಿತ ಇತ್ತು ಎಂಬುದು ಚೀಟಿಯಲ್ಲಿ ಬರೆಯಲು ಯೋಗ್ಯವಾದ ಮಾತು.

ತಲೆ ಎಷ್ಟು ಎತ್ತರಕ್ಕೆ ಏಳುತ್ತಿತ್ತು

ಟ್ರೈಸೆರಾಟಾಪ್ಸ್‌ನ ತಲೆಬುರುಡೆ ಎರಡೂವರೆ ಮೀಟರ್‌ವರೆಗೂ ಇರುತ್ತಿತ್ತು, ಮೈ 8ರಿಂದ 9 ಮೀಟರ್. ಅಷ್ಟು ಭಾರದ ತಲೆ ಹೊತ್ತು ಹಿಂಗಾಲಿನ ಮೇಲೆ ನಿಂತು ಮರದ ತುದಿ ಮೇಯುವುದು ಆಗದ ಮಾತು. ಕೆನಡಾದ ಆಲ್ಬರ್ಟಾದಲ್ಲಿ ಡೈನೋಸಾರ್ ಪ್ರಾವಿನ್ಷಿಯಲ್ ಪಾರ್ಕ್ ಎಂಬ ಜಾಗವಿದೆ. ಅಲ್ಲಿ ಸೆಂಟ್ರೋಸಾರಸ್, ಸ್ಟೈರಕೋಸಾರಸ್, ಕ್ಯಾಸ್ಮೋಸಾರಸ್ ಮುಂತಾದ ಕೊಂಬಿನವರ ಮೂಳೆಗಳು ರಾಶಿರಾಶಿ ಸಿಕ್ಕಿವೆ. ಅಲ್ಲಿನ ಸಸ್ಯಾಹಾರಿಗಳ ಮೇಯುವ ಎತ್ತರವನ್ನು ಅಳೆದ 2013ರ ಅಧ್ಯಯನದ ಪ್ರಕಾರ, ಕೊಂಬಿನವು ನೆಲದಿಂದ ಸುಮಾರು 1 ಮೀಟರ್ ಒಳಗೆ ಮೇಯುತ್ತಿದ್ದವು. ಬಾತುಮೂತಿಯ ಹ್ಯಾಡ್ರೋಸಾರುಗಳು ಎರಡು ಕಾಲಿನ ಮೇಲೆ ಎದ್ದರೆ ಅದಕ್ಕಿಂತ ಬಹಳ ಮೇಲೆ ಮುಟ್ಟುತ್ತಿದ್ದವು. ಒಂದೇ ಬೇಲಿಯಲ್ಲಿ ಕುರಿ ಕೆಳಗೆ, ಆಡು ಕಾಲೆತ್ತಿ ಮೇಲೆ ಮೇಯುವುದನ್ನು ನಮ್ಮ ಕುರಿಗಾಹಿಗಳು ದಿನವೂ ನೋಡುತ್ತಾರೆ.

ಮಾದರಿಯನ್ನು ಹತ್ತನೇ ಒಂದರ ಅಳತೆಯಲ್ಲಿ ಮಾಡುವುದಾದರೆ ಮೈ 80ರಿಂದ 90 ಸೆಂಟಿಮೀಟರ್, ತಲೆ 25, ಹುಬ್ಬಿನ ಕೊಂಬು 10. ಟ್ರೈಸೆರಾಟಾಪ್ಸ್ ಆಲ್ಬರ್ಟಾದವುಗಳಿಗಿಂತ ದೊಡ್ಡದು ಎಂದು ತುಸು ಸಡಿಲ ಬಿಟ್ಟರೂ, ಅದರ ಬಾಯಿಗೆ ಸಿಗಬೇಕಾದ ಸೊಪ್ಪು ನಿಮ್ಮ ಹಲಗೆಯ ಮೇಲೆ 15 ಸೆಂಟಿಮೀಟರ್ ದಾಟಬಾರದು. ತೆಂಗಿನ ಮರದ ತುದಿಗೆ ಮೂತಿ ಚಾಚಿದ ಮಾದರಿಗಳನ್ನು ಕಂಡರೆ ನನಗೆ ಅಳತೆಪಟ್ಟಿ ತೆಗೆಯುವ ಆಸೆಯಾಗುತ್ತದೆ.

ತಟ್ಟೆಯಲ್ಲಿ ಏನಿಡಬೇಕು

ಮರದ ಪುಡಿಯ ಹುಲ್ಲು ತೆಗೆದುಹಾಕಿ. ಟ್ರೈಸೆರಾಟಾಪ್ಸ್ ಬದುಕಿದ್ದು 6.8ರಿಂದ 6.6 ಕೋಟಿ ವರ್ಷಗಳ ಹಿಂದೆ, ಉತ್ತರ ಅಮೆರಿಕದ ಪಶ್ಚಿಮದಲ್ಲಿ. ಅಂದು ಅಲ್ಲಿ ಹುಲ್ಲುಗಾವಲುಗಳಿರಲಿಲ್ಲ, ಅವು ಹರಡಿದ್ದು ಕೋಟ್ಯಂತರ ವರ್ಷಗಳ ನಂತರ. ಅದು ಬದುಕಿದ್ದ ಮೊಂಟಾನಾ, ಡಕೋಟಾಗಳ ಹೆಲ್ ಕ್ರೀಕ್ ಎಂಬ ಶಿಲಾಪದರದಲ್ಲಿ ಸಿಗುವ ಎಲೆಗಳಲ್ಲಿ ಹೂಬಿಡುವ ಸಸ್ಯಗಳದೇ ದೊಡ್ಡ ಪಾಲು. ಜೊತೆಗೆ ಜರಿಗಿಡ, ತಾಳೆ ಜಾತಿ, ಸೂಜಿ ಎಲೆಯ ಮರಗಳು, ಅಲ್ಲಲ್ಲಿ ಸೈಕಾಡ್ ಬಳಗದವು. ಬಯಲಲ್ಲ, ಹೊಳೆ ಹರಿಯುವ ತೇವದ ಕಾಡು.

ಇಲ್ಲಿ ಜಾಣ ಮಗುವೊಂದು ತಡೆದು ಕೇಳಬಹುದು. ನನ್ನ ಮೊಮ್ಮಗಳು ಕೇಳಿಯೇ ಬಿಟ್ಟಳು: ‘ಮುತ್ಯಾ, ಡೈನೋಸಾರ್ ಹುಲ್ಲು ತಿಂದಿದ್ದಕ್ಕೆ ಸಾಕ್ಷಿ ಸಿಕ್ಕಿದೆ ಎಂದು ಓದಿದ್ದೇನಲ್ಲ?’ ಓದಿದ್ದು ಸರಿ, ಆದರೆ ಅದು ಬೇರೆ ಪ್ರಾಣಿ, ಬೇರೆ ಊರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಸಗಣಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳಿದ್ದವು ಎಂದು 2005ರಲ್ಲಿ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ತೋರಿಸಿದರು. ಅದು ಉದ್ದ ಕತ್ತಿನ ಟೈಟಾನೋಸಾರುಗಳದಿರಬೇಕು ಎಂಬುದು ಅವರ ಊಹೆ. ಅಂದರೆ ಹುಲ್ಲಿನ ಹಳೆಯ ಸಾಕ್ಷಿ ಇರುವುದು ನಮ್ಮ ದಖ್ಖನ್ನಿನಲ್ಲಿ, ಟ್ರೈಸೆರಾಟಾಪ್ಸ್ ಇದ್ದದ್ದು ಸಾಗರದಾಚೆ. ಎರಡನ್ನೂ ಒಂದೇ ಹಲಗೆಯ ಮೇಲೆ ತರಬೇಡಿ.

ನಮ್ಮೂರಲ್ಲಿ ಸಿಗುವುದರಲ್ಲಿ ಏನು ಬಳಸಬಹುದು? ಹಳೆಯ ಬಾವಿಗಳ ಕಲ್ಲುಸಂದಿಯಲ್ಲಿ ಜರಿಗಿಡ ಬೆಳೆದಿರುತ್ತದೆ. ಒಂದೆರಡು ಗರಿ ಸಾಕು, ಆದರೆ ಮಕ್ಕಳನ್ನು ಬಾವಿಗೆ ಇಳಿಸಬೇಡಿ. ಈಚಲಿನ ಎಳೆ ಗರಿ ತಾಳೆ ಜಾತಿಯ ಬದಲಿಗೆ ಆಗುತ್ತದೆ. ಸೂಜಿ ಎಲೆಗೆ ಉದ್ಯಾನದ ಕ್ರಿಸ್ಮಸ್ ಗಿಡದ ಒಂದು ಟೊಂಗೆ. ಸೈಕಾಸ್ ಗಿಡ ನರ್ಸರಿಗಳಲ್ಲಿ ಸಿಗುತ್ತದೆ, ಕಚೇರಿ ಅಂಗಳಗಳಲ್ಲೂ ಇರುತ್ತದೆ. ಆದರೆ ಅದರ ಎಲೆ, ಬೀಜ ಎರಡೂ ವಿಷ. ಪ್ರದರ್ಶನ ಮುಗಿದ ಮೇಲೆ ಕಸದ ಗುಂಡಿಗೆ ಎಸೆದರೆ ಬೀದಿ ದನ, ಆಡು ತಿಂದು ಯಕೃತ್ತು ಕೆಡಿಸಿಕೊಳ್ಳುತ್ತವೆ. ಮಣ್ಣಿನಲ್ಲಿ ಹೂತುಬಿಡಿ. ಚಿಕ್ಕ ಮಕ್ಕಳ ಕೈಗೂ ಕೊಡಬೇಡಿ.

ಟ್ರೈಸೆರಾಟಾಪ್ಸ್‌ನ ಊಟದ ಬಗ್ಗೆ ಇಷ್ಟು ಹೇಳಿದ್ದೆಲ್ಲ ಬಾಯಿಯ ರಚನೆ, ಸುತ್ತಲಿನ ಸಸ್ಯ ನೋಡಿ ಮಾಡಿದ ಅನುಮಾನ. ಹೊಟ್ಟೆಯೊಳಗಿನ ಊಟವೇ ಉಳಿದುಬಂದದ್ದಕ್ಕೆ ಒಳ್ಳೆಯ ಉದಾಹರಣೆ ಬೇರೊಂದು ವಂಶದ್ದು. ಆಲ್ಬರ್ಟಾದ ಗಣಿಯೊಂದರಲ್ಲಿ 2011ರಲ್ಲಿ ಸಿಕ್ಕ ಕವಚಧಾರಿ ಡೈನೋಸಾರ್ ಬೋರಿಯಾಲೋಪೆಲ್ಟಾದ ಹೊಟ್ಟೆಯಲ್ಲಿ ಹೆಚ್ಚಾಗಿ ಜರಿಗಿಡದ ಎಲೆಗಳಿದ್ದವು, ಜೊತೆಗೆ ಇದ್ದಿಲಿನ ಚೂರುಗಳು. ಕಾಡ್ಗಿಚ್ಚು ಹೋದ ಮೇಲೆ ಚಿಗುರಿದ್ದನ್ನು ಅದು ಮೇಯ್ದಿತ್ತು. ಕೊಂಬಿನ ವಂಶದ ಹಳೆಯ ಬಂಧು, ಸುಮಾರು 2 ಮೀಟರ್ ಉದ್ದದ ಸಿಟಕೋಸಾರಸ್‌ನಲ್ಲಿ ಊಟ ಸಿಗದಿದ್ದರೂ ಊಟ ಅರೆಯುವ ಕಲ್ಲುಗಳು ಸಿಕ್ಕಿವೆ. ಏಷ್ಯಾದ ಈ ಪ್ರಾಣಿಯ ಕೆಲವು ಅಸ್ಥಿಪಂಜರಗಳ ಹೊಟ್ಟೆಯ ಜಾಗದಲ್ಲಿ ಐವತ್ತಕ್ಕೂ ಹೆಚ್ಚು ಹರಳುಗಳಿದ್ದವು. ಕೋಳಿ ಕೊಯ್ದಾಗ ಅದರ ಕಲ್ಲುಚೀಲದಲ್ಲಿ ಸಿಗುವ ಹರಳುಗಳನ್ನು ತೊಳೆದು ಸಣ್ಣ ಸೀಸೆಯಲ್ಲಿ ಹಾಕಿ ಮಾದರಿಯ ಪಕ್ಕ ಇಡಬಹುದು.

ಮಣ್ಣು, ಅಂಟು, ಬಣ್ಣ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಕ್ಕಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಎರೆ ಮಣ್ಣು ಮಾತ್ರ ಬೇಡ, ಒಣಗುವಾಗ ಹೊಲದಲ್ಲಿ ಬಿರಿದಂತೆಯೇ ಇಲ್ಲೂ ಬಿರಿಯುತ್ತದೆ. ಹಳೆಯ ಪತ್ರಿಕೆ ನೆನೆಸಿ ಮೈದಾ ಗಂಜಿ ಸೇರಿಸಿ ರುಬ್ಬಿದ ಮುದ್ದೆ ಹಗುರ, ಗಟ್ಟಿ. ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬೀಳುವುದಿಲ್ಲ. ಅದು ವಿಷ, ದೊಡ್ಡವರೇ ಬೆರೆಸಲಿ. ಮೈಗಿಂತ ಬಾಯಿಗೆ ಹೆಚ್ಚು ಶ್ರಮ ಹಾಕಿ. ಕೆಳದವಡೆಯನ್ನು ಬೇರೆಯಾಗಿ ಮಾಡಿ, ತಂತಿಯ ಕೀಲು ಕೊಟ್ಟು ತೆರೆದು ಮುಚ್ಚುವಂತೆ ಇರಲಿ. ಹಲ್ಲಿಗೆ ರಟ್ಟಿನ ಪಟ್ಟಿ ಸಾಕು, ಆದರೆ ಕೆಳಗಿನ ಪಟ್ಟಿ ಮೇಲಿನದರ ಒಳಪಕ್ಕದಲ್ಲಿ ಜಾರುವಂತೆ ಕೂರಿಸಬೇಕು. ನೋಡುವವರ ಎದುರು ಒಂದು ಎಳೆ ಗರಿಯನ್ನು ಅದರ ಬಾಯಿಗಿಟ್ಟು ದವಡೆ ಮುಚ್ಚಿ ತೋರಿಸಿದರೆ ಅರ್ಧ ಭಾಷಣ ಉಳಿಯುತ್ತದೆ.

ನಮ್ಮ ಕಲ್ಲಿನಲ್ಲಿ ಸಿಗುವುದೇ?

ಈ ಪ್ರಶ್ನೆ ಬರುತ್ತದೆ, ಉತ್ತರ ಸಿದ್ಧವಿರಲಿ. ಕೊಂಬಿನ ವಂಶದವು ಮುಖ್ಯವಾಗಿ ಏಷ್ಯಾದ ಉತ್ತರ ಭಾಗ ಮತ್ತು ಉತ್ತರ ಅಮೆರಿಕದವು. ಅವು ಬದುಕಿದ್ದಾಗ ಭಾರತ ಸಾಗರದ ನಡುವೆ ಬೇರೆಯಾಗಿಯೇ ಇತ್ತು. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿಯಲ್ಲಿ ಹುಡುಕಿ ಫಲವಿಲ್ಲ; ಭೀಮಾ ಕಣಿವೆಯ ಆ ಸುಣ್ಣದ ಕಲ್ಲು 50 ಕೋಟಿ ವರ್ಷಕ್ಕೂ ಹಳೆಯದು, ಡೈನೋಸಾರ್ ಹುಟ್ಟುವ ಎಷ್ಟೋ ಮೊದಲಿನದು. ಬೀದರ್, ಆಳಂದ ಕಡೆಯ ಕರಿಕಲ್ಲಿನ ಕಥೆ ಬೇರೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಬೀದರ್ ಕೋಟೆಯ ಜಂಬಿಟ್ಟಿಗೆ ಆ ಕಲ್ಲೇ ಶಿಥಿಲವಾಗಿ ಆದದ್ದು. ಅಂದರೆ ಅಲ್ಲಿ ಕೊನೆಯ ಟ್ರೈಸೆರಾಟಾಪ್ಸ್ ಗರಿ ಕತ್ತರಿಸುತ್ತಿದ್ದ ಹೊತ್ತಿನಲ್ಲಿ ಇಲ್ಲಿ ನೆಲ ಬಾಯಿಬಿಟ್ಟು ಬೆಂಕಿ ಹರಿಯುತ್ತಿತ್ತು. ಎರಡು ಲಾವಾ ಪದರಗಳ ನಡುವೆ ಕೆರೆಗಳ ಕೆಸರು ಸಿಕ್ಕಿಕೊಂಡ ಜಾಗಗಳು ಹಳೆಯ ಗುಲಬರ್ಗಾ ಜಿಲ್ಲೆಯಲ್ಲಿವೆ. ಅವುಗಳಲ್ಲಿ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದ್ದಾರೆ.

ಹಲ್ಲಿನ ಮಾತೇ ಆದ್ದರಿಂದ ನಮ್ಮ ಇಸಾಂಪುರವನ್ನು ಬಿಡಲಾರೆ. ಹುಣಸಗಿ ಕಣಿವೆಯ ಆ ಊರಿನಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ಆದಿಮಾನವರ ಕಲ್ಲಿನ ಆಯುಧಗಳ ಜೊತೆ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳು ಸಿಕ್ಕವು. ಆ ಹಲ್ಲಿನ ಎನಾಮಲ್ ಪರೀಕ್ಷಿಸಿಯೇ ಆ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಲೆಕ್ಕ ಹಾಕಿದರು. ಡೈನೋಸಾರಿಗೆ ಹೋಲಿಸಿದರೆ ಇದು ನಿನ್ನೆಯ ಮಾತು. ಆದರೆ ಸತ್ತ ಪ್ರಾಣಿಯ ಹಲ್ಲು ಎಷ್ಟು ಕಾಲ ಸಾಕ್ಷಿ ಹೇಳಬಲ್ಲದು ಎಂದು ತೋರಿಸಲು ಸುರಪುರದ ಮಗು ಮೊಂಟಾನಾಕ್ಕೆ ಹೋಗಬೇಕಾಗಿಲ್ಲ.

ಚೀಟಿ ಬರೆಯುವುದು

ಚೀಟಿಯನ್ನು ನಡುವೆ ಗೆರೆ ಎಳೆದು ಎರಡು ಪಾಲು ಮಾಡಿ. ಎಡಕ್ಕೆ ‘ಕಂಡದ್ದು’: ಹಲ್ಲಿಲ್ಲದ ಕಿರಿದಾದ ಕೊಕ್ಕು, 432ರಿಂದ 800 ಹಲ್ಲು, ನೆಟ್ಟನೆಯ ಸವೆತ, ಐದು ಅಂಗಾಂಶ, ತಗ್ಗಿದ ತಲೆ. ಬಲಕ್ಕೆ ‘ಅದರಿಂದ ಊಹಿಸಿದ್ದು’: ನೆಲಕ್ಕೆ ಹತ್ತಿರದ ಗಟ್ಟಿ, ನಾರಿನ ಸಸ್ಯಗಳನ್ನು ಆರಿಸಿ ಕತ್ತರಿಸಿ ತಿನ್ನುತ್ತಿತ್ತು. ಕೊಂಬು ಯಾವ ಪಾಲಿನಲ್ಲೂ ಬರಬಾರದು.

ನಿರ್ಣಾಯಕರು ತಪ್ಪದೆ ಕೇಳುವ ಪ್ರಶ್ನೆ, ‘ದಿನಕ್ಕೆ ಎಷ್ಟು ತಿನ್ನುತ್ತಿತ್ತು?’ ಚೀಟಿಯಲ್ಲಿ ಒಂದು ಅಂಕಿ ಬರೆದುಬಿಡುವ ಆಸೆ ಬೇಡ. ಬದಲಿಗೆ ಲೆಕ್ಕ ಮಾಡಿ ತೋರಿಸಲಿ. ಆಕಳು ತನ್ನ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು ಒಣ ಮೇವು ತಿನ್ನುತ್ತದೆ ಎಂಬುದು ನಾವು ರೈತರಿಗೆ ಹೇಳುವ ಲೆಕ್ಕ. 400 ಕಿಲೋ ಆಕಳಿಗೆ 10 ಕಿಲೋ. ಅದೇ ಲೆಕ್ಕವನ್ನು 6 ಟನ್ನಿನ ಟ್ರೈಸೆರಾಟಾಪ್ಸ್‌ಗೆ ಹಾಕಿದರೆ 150 ಕಿಲೋ. ಆದರೆ ಮೈ ದೊಡ್ಡದಾದಂತೆ ಕಿಲೋ ತೂಕಕ್ಕೆ ಬೇಕಾದ ಮೇವು ಕಡಿಮೆಯಾಗುತ್ತದೆ. ಆನೆಗೆ ನೂರಕ್ಕೆ ಒಂದು, ಒಂದೂವರೆ ಪಾಲು ಸಾಕು. ಆ ಲೆಕ್ಕದಲ್ಲಿ 60ರಿಂದ 90 ಕಿಲೋ. ಇದರ ಮೇಲೆ, ಆಕಳಂತೆ ಮೈ ಬಿಸಿ ಕಾಯ್ದುಕೊಳ್ಳುವ ಪ್ರಾಣಿಗೆ ಹೆಚ್ಚು ಬೇಕು, ಮೊಸಳೆಯಂತೆ ಬಿಸಿಲಿಗೆ ಮೈಯೊಡ್ಡುವುದಕ್ಕೆ ಬಹಳ ಕಡಿಮೆ. ಮೂರೂ ಸಾಲುಗಳನ್ನು ರಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಲಿ, ಕೇಳಿದಾಗ ತಿರುಗಿಸಿ ತೋರಿಸಲಿ.